ಸಾಸಿವೆ ಚೀಲದ ತಪಾಸಣೆ

ನಿವೃತ್ತ ಬಸ್ ಕಂಡಕ್ಟರ್ ಶಿವನಂಜಮ್ಮ ಮುಂಬೈ ಆಸ್ಪತ್ರೆಗೆ ಹೊರಟಿದ್ದರು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಮಹಿಳಾ ಅಧಿಕಾರಿಯ ಕೈ ಅವರ ಎದೆಯ ಬಳಿ ನಿಂತಿತು.

"ರವಿಕೆಯೊಳಗೆ ಏನ್ರೀ ಅದು?" ಸಾಲಿಗೆಲ್ಲ ಕೇಳಿಸಿತು.

"ಕ್ಯಾನ್ಸರಿಗೆ ಒಂದು ಮೊಲೆ ತೆಗೆದಿದ್ದಾರೆ. ಆ ಜಾಗದಲ್ಲಿ ಸಾಸಿವೆ ಚೀಲ ಇಟ್ಕೊಂಡಿದ್ದೀನಿ. ಪರದೆ ಮರೆಯಲ್ಲಿ ತೋರಿಸ್ತೀನಿ," ಎಂದು ಶಿವನಂಜಮ್ಮ ಮೆಲ್ಲಗೆ ಹೇಳಿದರು.

"ಪರದೆ ಕೋಣೆ ಆ ಕೊನೇಲಿದೆ. ಅಲ್ಲಿಗೆ ಬರೋಕೆ ನನಗೆ ಪುರುಸೊತ್ತಿಲ್ಲ. ದೇಶದ ಭದ್ರತೆ ಮುಖ್ಯ. ಇಲ್ಲೇ ತೆಗೆದು ಟ್ರೇಗೆ ಹಾಕಿ."

ಶಿವನಂಜಮ್ಮ ಸಾಲಿನ ಕಡೆ ತಿರುಗಿದರು. ತುಂಬಿದ ಬಸ್ಸಿನ ಹಿಂದಿನ ಸೀಟಿಗೂ ಮುಟ್ಟುತ್ತಿದ್ದ ದನಿ ಹೊರಬಂತು.

"ಎಲ್ರೂ ಹಿಂದಕ್ಕೆ ತಿರುಗಿ. ನಾನು ರೈಟ್ ಅನ್ನೋತನಕ ಯಾರೂ ಈ ಕಡೆ ನೋಡಬಾರದು."

ಕಂಡಕ್ಟರ್ ದನಿಗೆ ಎದುರಾಡುವವರುಂಟೇ? ಸಾಲು ತಿರುಗಿತು. ಬಂದೂಕು ಹಿಡಿದ ಕಾವಲಿನವರೂ ತಿರುಗಿದರು. ಯಂತ್ರದ ಮುಂದೆ ಕೂತವನು ಕುರ್ಚಿ ಸಮೇತ ತಿರುಗಿದ. ಬ್ಯಾಗುಗಳು ನೋಡುವವರಿಲ್ಲದೆ ಒಂದರ ಹಿಂದೊಂದು ದಾಟಿಹೋದವು.

"ಏಯ್, ಈ ಕಡೆ ನೋಡ್ರೋ," ಎಂದು ಅಧಿಕಾರಿ ಕೂಗಿದರು. ಯಾರೂ ನೋಡಲಿಲ್ಲ.

"ನನ್ನ ಮಾನ ನೋಡೋರಿಲ್ಲ ಮೇಡಂ, ನಿಮ್ಮ ದೇಶ ನೋಡೋರೂ ಇಲ್ಲ. ಈಗ ತೆಗೀಲಾ?"

ಅಧಿಕಾರಿ ತಾವೇ ಕೈಹಿಡಿದು ಪರದೆಯ ಕೋಣೆಗೆ ಕರೆದೊಯ್ದರು. ಪರದೆ ಎಳೆದ ಮೇಲೆ ಶಿವನಂಜಮ್ಮ ಒಳಗಿನಿಂದಲೇ "ರೈಟ್" ಅಂದರು.

ಅಧಿಕಾರಿ ಚೀಲ ಒತ್ತಿ ನೋಡಿದರು. ಎದೆಯ ಮೇಲಿನ ಹೊಲಿಗೆಯ ಗೆರೆಯನ್ನೂ ನೋಡಿದರು. ದನಿ ಇಳಿಯಿತು.

"ಏನೂ ಸಿಗಲಿಲ್ಲಮ್ಮ. ಹೋಗಿ ಬನ್ನಿ."

ಶಿವನಂಜಮ್ಮ ಸೆರಗು ಸರಿಮಾಡಿಕೊಂಡರು. "ಉಳಿದಿರೋ ಒಂದರಲ್ಲೂ ಗಂಟು ಕೈಗೆ ಸಿಗ್ತಿದೆ ತಾಯಿ. ಅಲ್ಲಿ ಡಾಕ್ಟರೂ ಏನೂ ಸಿಗಲಿಲ್ಲ ಅಂದ್ರೆ ಸಾಕು."