ಮದುವೆಯ ಕೆಂಪು ಕಂಬಳಿಯನ್ನು ಬೂಷ್ಟು ತಿಂದದ್ದು

ಭೂಮಿಯ ಮೈ ಇನ್ನೂ ಹಸಿಯಾಗಿದ್ದ ಕಾಲ ಅದು. ಕುರಿಗಳು ಮಾತಾಡುತ್ತಿದ್ದವು. ಗಾಳಿ ಬಾಗಿಲು ತಟ್ಟಿ ಒಳಗೆ ಬರುತ್ತಿತ್ತು. ಈಗಿನ ಹಾಗೆ ನುಗ್ಗುತ್ತಿರಲಿಲ್ಲ, ಆಗ ಅದಕ್ಕೂ ಮಾನ ಮರ್ಯಾದೆ ಇತ್ತು.

ಆಗ ಬೂಷ್ಟು ಬಡಪಾಯಿ. ಮೈಗೆ ಬಣ್ಣವಿಲ್ಲ, ನಾಲಿಗೆಗೆ ರುಚಿ ಗೊತ್ತಿಲ್ಲ. ಉದುರಿದ ಎಲೆ, ಬಿದ್ದ ಕೊಂಬೆ, ಅಷ್ಟೇ ಅದರ ಊಟ. ಭೂಮಿತಾಯಿ ಅದಕ್ಕೆ ಒಂದೇ ಮಾತು ಹೇಳಿದ್ದಳು: "ಬಿಸಿಲು ಗಾಳಿ ಕಂಡದ್ದನ್ನು ಮುಟ್ಟಬೇಡ. ಕತ್ತಲಲ್ಲಿ ಒದ್ದೆಯಾಗಿ ಬಿದ್ದದ್ದು ಯಾರಿಗೂ ಬೇಡವಾದದ್ದು. ಅದು ನಿನಗೆ."

ಕಂಬಳಿ ನೇಯುವ ಮಾಳಕ್ಕನಿಗೆ ಒಬ್ಬಳೇ ಮಗಳು, ಚಿತ್ತವ್ವ. ಅವಳಿಗೆ ಮದುವೆ ಗೊತ್ತಾಯಿತು. ಕಂಬಳಿ ಹಾಸಿ ಅದರ ಮೇಲೆ ಗಂಡು ಹೆಣ್ಣನ್ನು ಕೂರಿಸಬೇಕು. ಕಂಬಳಿಯಿಲ್ಲದಿದ್ದರೆ ಅವರಲ್ಲಿ ಮದುವೆಯೇ ಇಲ್ಲ. ಮಾಳಕ್ಕ ಬಿಳಿ ಉಣ್ಣೆ ನೂತಳು, ಮಂಜಿಷ್ಠದ ಬೇರು ಕುದಿಸಿ ಬಣ್ಣ ಹಾಕಿದಳು, ನೇಯ್ದಳು. ಲೋಕದ ಮೊದಲ ಕೆಂಪು ಕಂಬಳಿ! ಬಿಗಿಯಾಗಲೆಂದು ಹುಣಸೆಬೀಜದ ಗಂಜಿ ಬಳಿದಳು. ಇನ್ನು ಮೂರು ದಿನ ಬಿಸಿಲಿಗೆ ಹರವಬೇಕು.

ಹರವಿದಳೇ? ಇಲ್ಲ! "ಊರೆಲ್ಲ ನೋಡಿ ದೃಷ್ಟಿಯಾದ್ರೆ ಏನ್ ಮಾಡ್ಲಿ" ಎಂದು ಹೆದರಿ, ಹಸಿ ಕಂಬಳಿಯನ್ನೇ ಎಂಟು ಮಡಿಕೆ ಮಡಚಿ, ದೊಡ್ಡ ಮಣ್ಣಿನ ಗುಡಾಣಕ್ಕೆ ತುರುಕಿ ಮುಚ್ಚಳ ಹಾಕಿದಳು.

ಗಾಳಿ ಬಂದು ಬಾಗಿಲು ತಟ್ಟಿತು. "ಮಾಳಕ್ಕಾ, ಒಂದ್ಸಲ ತೋರ್ಸವ್ವಾ. ಬೀಸಿ ಒಣಗಿಸ್ಕೊಡ್ತೀನಿ."

"ನಿನಗೆ ತೋರ್ಸಿದ್ರೆ ಮೂರೂರಿಗೆ ಸಾರ್ಕೊಂಡು ಬರ್ತೀಯ. ಹೋಗತ್ಲಾಗೆ!"

ಸೂರ್ಯಪ್ಪ ಕಿಂಡಿಯಲ್ಲಿ ಇಣುಕಿದ. "ನನಗಾದ್ರೂ ತೋರ್ಸು ತಾಯಿ."

"ನಿನಗಾ? ಲೋಕದಾಗೆ ನಿಂದಕ್ಕಿಂತ ದೊಡ್ಡ ಕಣ್ಣು ಯಾವುದೈತೆ ಹೇಳಪ್ಪಾ!"

ಸೂರ್ಯಪ್ಪ ಮುಖ ಸಣ್ಣದು ಮಾಡಿಕೊಂಡು ಹೋದ.

ಗಂಜಿಯ ವಾಸನೆ ಹಿಡಿದು ಬೂಷ್ಟು ಬಂತು. "ಇದು ಯಾರಿಗೂ ಬೇಡವಾದದ್ದಾ?" ಎಂದು ಕೇಳಿತು. ಉತ್ತರವಿಲ್ಲ. ಮತ್ತೆ ಕೇಳಿತು. ಉತ್ತರವಿಲ್ಲ. ಆ ಕಡೆ ಹೋದರೆ ಯಾರಿಗಾದರೂ ಸುಳಿವು ಸಿಕ್ಕೀತೆಂದು ಮಾಳಕ್ಕ ಗುಡಾಣದ ಹತ್ತಿರವೂ ಸುಳಿಯುತ್ತಿರಲಿಲ್ಲ. ಮೂರನೆಯ ಸಲ ಕೇಳಿ ಬೂಷ್ಟು ಒಳಗಿಳಿಯಿತು. ಕತ್ತಲು. ಒದ್ದೆ. ಮೊದಲು ಗಂಜಿ ನೆಕ್ಕಿತು. ಆಮೇಲೆ ಬಣ್ಣ ನೆಕ್ಕಿತು. ಆಹಾ, ಬಣ್ಣಕ್ಕೂ ರುಚಿ ಉಂಟೇ! ಆಮೇಲೆ ಉಣ್ಣೆಯ ಎಳೆಗಳನ್ನೇ ಅಗಿಯಿತು.

ಮದುವೆಯ ದಿನ ಬಂತು. ನೆಂಟರೆಲ್ಲ ನೆರೆದರು. ಮಾಳಕ್ಕ ಮುಚ್ಚಳ ತೆಗೆದಳು. ಗಪ್ಪೆಂದು ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಕಂಬಳಿ ಎತ್ತಿದಳು. ಅಯ್ಯೋ ಶಿವನೇ! ಕೆಂಪೆಲ್ಲಿ? ಅಲ್ಲಲ್ಲಿ ಬಿಳಿಚಿದ ಕಲೆ, ಅಲ್ಲಲ್ಲಿ ಕಪ್ಪು ಹಸಿರು ಮಚ್ಚೆ. ಕೊಡವಿದರೆ ಹುಡಿ ಹಾರಿತು, ಹಿಡಿದಲ್ಲೇ ಪರ್ರನೆ ಹರಿಯಿತು. ನೆಂಟರು ಬಾಯಿ ಮೇಲೆ ಕೈಯಿಟ್ಟರು. ಚಿತ್ತವ್ವ ಅಳಲೂ ಇಲ್ಲ, ಅವ್ವನ ಕೈಯಲ್ಲಿದ್ದ ಚೂರನ್ನೇ ನೋಡುತ್ತ ನಿಂತಳು.

"ಕಳ್ಳ ಬೂಷ್ಟೇ! ನನ್ ಮಗಳ ಮದುವೆ ಕಂಬಳಿ ತಿಂದ್ಯಲ್ಲೋ!"

ಬೂಷ್ಟು ಮಡಿಕೆಯೊಳಗಿಂದ ಇಣುಕಿತು. "ಕತ್ಲಾಗಿತ್ತು, ಒದ್ದೆಯಾಗಿತ್ತು. ಮೂರು ಸಲ ಕೇಳ್ದೆ ಕಣಕ್ಕಾ. ಬೇಕಾದದ್ನ ಯಾರಾದ್ರೂ ಹಿಂಗಿಡ್ತಾರಾ?"

"ಇದು ನ್ಯಾಯನಾ ತಾಯಿ?" ಎಂದು ಮಾಳಕ್ಕ ಭೂಮಿತಾಯಿಯನ್ನು ಕೇಳಿದಳು.

"ಅದು ನನ್ನ ಮಾತು ಮೀರಿಲ್ಲ ಮಗಳೇ" ಎಂದಳು ಭೂಮಿತಾಯಿ.

ಮಾಳಕ್ಕನಿಗೆ ಸಿಡಿಲು ಬಡಿದಂತಾಯಿತು. ಮಗಳ ಕಂಬಳಿಯನ್ನು ಬೂಷ್ಟಿಗೆ ಉಣ್ಣಿಸಿದವಳು ತಾನೇ! "ತಿಂದ ಬಣ್ಣ ಹಿಂದಕ್ಕೆ ಕೊಡು" ಎಂದು ಗೋಗರೆದಳು. ಬೂಷ್ಟು ಉಗುಳಿತು, ಬಂದದ್ದು ಕಪ್ಪು ಹುಡಿ. ಅದರ ಕಲೆ ಎಷ್ಟು ಒಗೆದರೂ ಹೋಗಲಿಲ್ಲ.

ಕೊನೆಗೆ ಗಂಡಿನ ತಂದೆ, ಕುರಿ ಕಾಯುವ ಮುದುಕ, ತನ್ನ ಹೆಗಲ ಮೇಲಿನ ಕರಿ ಕಂಬಳಿ ತೆಗೆದು ಹಾಸಿದ. ದಿನವೂ ಊರವರ ಕಣ್ಣು ಬಿದ್ದ ಕಂಬಳಿ. ಅದರ ಒಂದೆಳೆಯೂ ಹೋಗಿರಲಿಲ್ಲ. ಚಿತ್ತವ್ವ ಅದರ ಮೇಲೆ ಕೂತಳು. ಮಾಳಕ್ಕ ನಾಚಿ, ಕೈಯಲ್ಲಿದ್ದ ಚೂರನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಳ್ಳಲು ಹೋದಳು. ಮಗಳು ಅವಳ ಕೈ ಹಿಡಿದಳು.

"ಇನ್ನಾದ್ರೂ ಮುಚ್ಬೇಡವ್ವಾ. ಬಿಸಿಲಿಗೆ ಹಾಕು."

ಬಣ್ಣದ ರುಚಿ ಹತ್ತಿದ ಬೂಷ್ಟು ಮಾತ್ರ ಬರೀ ಎಲೆಯ ಊಟಕ್ಕೆ ಮತ್ತೆ ಒಗ್ಗಲೇ ಇಲ್ಲ. ಅದಕ್ಕೇ ಪುಟ್ಟಾ, ಮಳೆಗಾಲ ಕಳೆದು ನಿಮ್ಮವ್ವ ಪೆಟ್ಟಿಗೆ ತೆಗೆದಾಗ, ಎಲ್ಲಕ್ಕಿಂತ ಜೋಪಾನವಾಗಿ ತಳದಲ್ಲಿಟ್ಟ ಬಣ್ಣದ ಉಣ್ಣೆ ಶಾಲಿನ ಮೇಲೆಯೇ ಮಚ್ಚೆ ಕೂತಿರುತ್ತದೆ, ಅವಳು "ಅಯ್ಯೋ!" ಎಂದು ಕೂಗುತ್ತಾಳೆ.