ಆಲದಮ್ಮ ಊರುಗೋಲಮ್ಮನಾದದ್ದು

ಕೇತೋಜ ಮೊದಲ ಸಲ ಮನೆ ಬಿಟ್ಟದ್ದು ಯುಗಾದಿಯ ಮರುದಿನ, ವರ್ಷತೊಡಕಿನಂದು. ಯಾವ ಶಕೆ, ಯಾವ ಸಂವತ್ಸರ ಎಂದು ಕೇಳಿದರೆ ಹೇಳುವವರಿಲ್ಲ. ದಿನವನ್ನು ಮಾತ್ರ ಬೆಣಚಿಕಲ್ಲು ಕಣಿವೆಯ ಕಲ್ಲುಕುಟಿಗರ ಕೇರಿ ಮರೆತಿಲ್ಲ. ಅಂದು ಏನು ಮಾಡುತ್ತೇವೋ ಅದು ವರ್ಷವಿಡೀ ಕಾಲಿಗೆ ತೊಡರಿಕೊಳ್ಳುತ್ತದೆ ಎನ್ನುತ್ತಾರೆ. ಅವನಿಗೆ ಜನ್ಮವಿಡೀ ತೊಡರಿಕೊಂಡಿತು. ಅವನು ಕಟ್ಟಿದ ಮಂಟಪ ಕಣಿವೆಯ ಬಾಯಲ್ಲಿ ಈಗಲೂ ನಿಂತಿದೆ. ಡಾಂಬರು ರಸ್ತೆ ಬಿಟ್ಟು ಕಲ್ಲುದಾರಿಯಲ್ಲಿ ಬರುವವರಿಗೆ ದೂರದಿಂದ ಅದು ಕಟ್ಟಡವೆಂದೇ ಅನಿಸುವುದಿಲ್ಲ, ಬೋಳು ಗುಡ್ಡದ ನಡುವೆ ಒಂದು ಆಲದ ಮರ ಹೇಗೋ ಉಳಿದುಕೊಂಡಿದೆ ಅನಿಸುತ್ತದೆ. ಹದಿನೇಳು ಕಂಬ, ಒಂದೂ ನೆಟ್ಟಗಿಲ್ಲ. ಬಿಳಲಿನಂತೆ ವಾಲಿ, ಮೇಲೆ ಹೋಗುತ್ತಾ ಕೊಂಬೆಯಾಗಿ ಕವಲೊಡೆದು ಚಾವಣಿಯನ್ನು ಹೊತ್ತಿವೆ. ಚಾವಣಿಯ ಕಲ್ಲಿನಲ್ಲಿ ಬಿಟ್ಟ ಕಿಂಡಿಗಳಿಂದ ಬಿಸಿಲು ಸೋರಿ ನೆಲದ ಮೇಲೆ ಎಲೆಯ ನೆರಳಿನಂತೆ ಆಡುತ್ತದೆ. ರಜೆ ಬಂತೆಂದರೆ ಬಸ್ಸುಗಟ್ಟಲೆ ಜನ. ಕಡಲಾಚೆಯ ಬಾರ್ಸಿಲೋನಾದಲ್ಲಿ ಮರ, ಎಲುಬು, ಜೇನುಗೂಡುಗಳನ್ನು ನೋಡಿ ನೋಡಿ ಮನೆ, ಗುಡಿ ಕಟ್ಟಿದ ಗೌಡಿ ಎಂಬ ಕೆಟಲಾನ್ ವಾಸ್ತುಶಿಲ್ಪಿಯ ಕೆಲಸ ಕಂಡವರೊಬ್ಬರು ಇಲ್ಲಿ ಬಂದು, ಅಲ್ಲಿಯೂ ಹೀಗೆಯೇ ಕಂಬ ಕವಲೊಡೆದಿವೆ, ಜಗತ್ತೇ ಬಂದು ನೋಡುತ್ತದೆ ಎಂದರಂತೆ. ಕೇರಿಯ ಹಿರಿಯ ಬಯ್ಯಣ್ಣ, "ಅವನಿಗೂ ಜನ ಕೋಲು ತಂದುಕೊಟ್ಟರಾ ಸ್ವಾಮೀ?" ಎಂದು ಕೇಳಿದನಂತೆ. ಇಲ್ಲಪ್ಪ, ಟಿಕೆಟ್ ಇಟ್ಟಿದ್ದಾರೆ ಎಂದರು. "ಹಾಗಾದ್ರೆ ಪುಣ್ಯವಂತ ಬಿಡಿ" ಎಂದನಂತೆ ಬಯ್ಯಣ್ಣ.

ಬಯ್ಯಣ್ಣ ಕೇಳಿದ ಕೋಲು ಯಾವುದೆಂದರೆ, ಈ ಮಂಟಪಕ್ಕೆ ಬಂದವರು ಒಂದು ಕೋಲನ್ನು ಯಾವುದಾದರೂ ಕಂಬಕ್ಕೆ ಊರೆ ಕೊಟ್ಟು ಆನಿಸಿಯೇ ಒಳಗೆ ಕಾಲಿಡುತ್ತಾರೆ. ದೇವಿಯ ಹೆಸರೂ ಅದೇ, ಊರುಗೋಲಮ್ಮ. ಕಲ್ಲುಕುಟಿಗರ ಕೇರಿಯವರು ಮಾತ್ರ ಬರಿಗೈಯಲ್ಲಿ ಹೋಗುತ್ತಾರೆ. ಯಾಕೆಂದು ಕೇಳಿದವರಿಗೆ ಅವರು ಹೇಳುವ ಸಂಗತಿ ಇದು.

ಹಿಂದೆ ಒಮ್ಮೆ ಈ ಜಾಗದಲ್ಲಿ ನಿಜವಾದ ಆಲದ ಮರವೇ ಇತ್ತಂತೆ. ಬುಡದಲ್ಲಿ ದೇವಿಯ ಗುಂಡುಕಲ್ಲು; ಹೆಸರು ಆಲದಮ್ಮ. ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಕಣಿವೆ ದಾಟುವವರು, ಕಂಬಳಿ ಮಾರುವವರು, ದಿಕ್ಕಿಲ್ಲದವರು ಎಲ್ಲರೂ ಅದರಡಿ ಕೂತು ದಣಿವಾರಿಸಿಕೊಳ್ಳುತ್ತಿದ್ದರು. ಒಂದು ವರ್ಷ ಸಿಡಿಲು ಬಡಿದು ಮರ ಒಣಗಿತು. ಅಲ್ಲಿನ ಪಾಳೆಯಗಾರನ ತಾಯಿ ಮುದ್ದವ್ವ ನಾಗತಿ ಆ ನೆರಳಲ್ಲೇ ಪಲ್ಲಕ್ಕಿ ಇಳಿಸಿಕೊಂಡು ಮದುವಣಗಿತ್ತಿಯಾಗಿ ಈ ಸೀಮೆಗೆ ಬಂದವಳು. "ಅಮ್ಮನಿಗೆ ಗೋಪುರ ಬೇಡ, ನೆರಳು ಬೇಕು. ಹೋದ ಮರವನ್ನು ಕಲ್ಲಲ್ಲಿ ಕಟ್ಟಿಕೊಡೋರಿದ್ದರೆ ಬರಲಿ" ಎಂದು ಡಂಗುರ ಹೊಡೆಸಿದಳು. ಹೆಸರಾಂತ ಶಿಲ್ಪಿಗಳು ಬಂದು ಚೌಕದ ಕಂಬ, ಎಂಟು ಮೂಲೆಯ ಕಂಬ ಗೀಚಿ ತೋರಿಸಿ ಹೋದರು. ಎಲ್ಲರ ಹಿಂದೆ ಕೇತೋಜ ಬಂದ.

ಅವನ ಅಪ್ಪ ಒಳ್ಳೆಯ ಕಲ್ಲುಗೆಲಸದವನು. ಕಂಬವೆಂದರೆ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟಂತೆ ನೆಟ್ಟಗಿರಬೇಕು ಎಂದು ಹನ್ನೆರಡರ ಮಗನಿಗೆ ಪಾಠ ಹೇಳಿದಾಗ ಮಗ, "ಮತ್ತೆ ಮರ ಯಾಕೆ ಬೀಳಲ್ಲ?" ಎಂದ. ಅಪ್ಪ ಸುತ್ತಿಗೆಯ ಹಿಡಿಯಿಂದ ಉತ್ತರ ಕೊಟ್ಟ. ಮರುದಿನ, ವರ್ಷತೊಡಕಿನ ಬೆಳಿಗ್ಗೆ, ಹಾಸಿಗೆ ಬರಿದಾಗಿತ್ತು. ಕಸುಬಿನ ಪಾಠ ಅಲ್ಲಿಗೇ ನಿಂತಿತು. ಆಮೇಲೆ ಅವನು ಕುರಿಯವರ ಜೊತೆ ಅಲೆದ, ಜೇನು ಕೀಳುವವರ ಜೊತೆ ಬಂಡೆಗೆ ಜೋತುಬಿದ್ದ, ಸತ್ತ ಎತ್ತಿನ ಪಕ್ಕೆಲುಬನ್ನು ಕೈಯಲ್ಲಿ ಹಿಡಿದು ಒಂದಿಡೀ ದಿನ ಕೂತಿದ್ದ. ಎಲ್ಲಿಯೂ ಎರಡು ಮಳೆಗಾಲ ಕಂಡವನಲ್ಲ. ಎಲ್ಲಿ ಹೋದರೂ ಜನ ಅವನಿಗೆ ಕೊಟ್ಟಿಗೆ ಕಟ್ಟಲು, ಗೋಡೆಗೆ ಮೆತ್ತಲು ಹೇಳಿದರೇ ಹೊರತು ತಲೆಯೊಳಗಿದ್ದುದನ್ನು ಕಟ್ಟು ಎಂದವರಿಲ್ಲ.

ಮುದ್ದವ್ವನ ಮನೆಯ ತೊಟ್ಟಿಯಂಗಳದಲ್ಲಿ ಅವನು ಒಂದು ತೊಲೆಯಿಂದ ಪುಂಡಿನಾರಿನ ಹಗ್ಗಗಳನ್ನು ಇಳಿಬಿಟ್ಟು, ಒಂದಕ್ಕೊಂದು ಗಂಟು ಹಾಕಿ, ಅಲ್ಲಲ್ಲಿ ಮರಳಿನ ಪುಟ್ಟ ಚೀಲ ಕಟ್ಟಿದ. ಪೂಜಾರಿ ಗಾದ್ರಯ್ಯ ನಾಲಗೆ ಚುರುಕಿನವನು. "ಗುಡಿ ಕಟ್ಟು ಅಂದ್ರೆ ತೊಟ್ಟಿಲು ಕಟ್ಟಿದೀಯಲ್ಲೋ! ಅವ್ವಾರಿಗೆ ಈ ವಯಸ್ಸಲ್ಲಿ ಯಾಕೆ?" ಎಂದ. ಸುತ್ತ ನಿಂತವರು ನಕ್ಕರು. ಕೇತೋಜ ಒಂದು ತಾಮ್ರದ ಕೊಪ್ಪರಿಗೆಗೆ ನೀರು ತುಂಬಿಸಿ ಹಗ್ಗದ ಕೆಳಗೆ ಇಡಿಸಿದ. "ಮೇಲೆ ನೋಡಬೇಡಿ ಅವ್ವಾ. ನೀರೊಳಗೆ ನೋಡಿ." ಮುದ್ದವ್ವ ಬಗ್ಗಿದಳು. ಜೋತುಬಿದ್ದ ಹಗ್ಗಗಳೆಲ್ಲ ನೀರಿನಲ್ಲಿ ತಲೆಕೆಳಗಾಗಿ, ಬಿಳಲು ಬಿಟ್ಟ ಆಲದ ಮರವಾಗಿ ಎದ್ದುನಿಂತಿದ್ದವು. ಭಾರ ಹೊತ್ತು ತೂಗುವ ಹಗ್ಗ ತನ್ನ ದಾರಿಯನ್ನು ತಾನೇ ಹಿಡಿಯುತ್ತದೆ, ಅದನ್ನೇ ಮಗುಚಿ ಕಲ್ಲಿನಲ್ಲಿ ಕಟ್ಟಿದರೆ ಭಾರ ಅದೇ ದಾರಿಯಲ್ಲಿ ನೆಲಕ್ಕಿಳಿಯುತ್ತದೆ, ವಾಲಿದ ಕಂಬ ಬೀಳುವುದಿಲ್ಲ ಎಂದು ಅವನು ಬಿಡಿಸಿ ಹೇಳಿದ. ಮುದ್ದವ್ವ ನೀರಿಗೆ ಬೆರಳು ತಾಗಿಸಿ ನೋಡಿದಳು. ಆಮೇಲೆ, "ಏನು ಬೇಕು ಕೇಳು" ಎಂದಳು. ಅವನು ಗದ್ದೆ ಕೇಳಲಿಲ್ಲ, ಚಿನ್ನದ ಕಡಗ ಕೇಳಲಿಲ್ಲ. ಕಟ್ಟುವಾಗ ಆಸರೆಗಿಟ್ಟ ಮರಗಳನ್ನು ತೆಗೆದ ದಿನ, ಬೇರೆ ಯಾವ ಊರೆಯೂ ಇಲ್ಲದ ಮಂಟಪದೊಳಗೆ ಅವಳೇ ಮೊದಲು ಬಂದು ಕೂರಬೇಕು, ಅಷ್ಟೇ ಎಂದ. ಅವಳು ವೀಳ್ಯ ಕೊಟ್ಟಳು.

ಏಳು ವರ್ಷ ಹಿಡಿಯಿತು. ಒಂದೇ ಕಡೆ ಏಳು ಮಳೆಗಾಲ ಕೇತೋಜ ಕಂಡದ್ದು ಅದೊಂದೇ ಸಲ ಎನ್ನುತ್ತಾರೆ. ಆಸರೆಯ ಮರ ಕಳಚಿದ ದಿನ ಸೀಮೆಗೆ ಸೀಮೆಯೇ ನೆರೆದಿತ್ತು. ಕೊನೆಯ ಮರ ಎಳೆದಾಗ ಕಲ್ಲು ಒಮ್ಮೆ ನರಳಿತು, ಜನ ಹತ್ತು ಹೆಜ್ಜೆ ಹಿಂದೆ ಸರಿದರು. ಮಂಟಪ ನಿಂತಿತ್ತು. ಕೇತೋಜ ಒಳಗೆ ನಡುವೆ ನಿಂತು ಕೈ ಚಾಚಿದ. "ಕಂಬ ನೆಟ್ಟಗಿಲ್ಲ, ಕಟ್ಟಿದೋನೂ ನೆಟ್ಟಗಿಲ್ಲ" ಎಂದು ಗಾದ್ರಯ್ಯ ಗೊಣಗಿದ್ದು ಎಲ್ಲರಿಗೂ ಕೇಳಿಸಿತು. ಮುದ್ದವ್ವ ಊರುಗೋಲು ಹಿಡಿದು ನಿಧಾನವಾಗಿ ಬಂದಳು. ಹೊಸ್ತಿಲ ಬಳಿ ತಲೆ ಎತ್ತಿ ತನ್ನ ಮೇಲೆಯೇ ಬೀಳುವಂತೆ ವಾಲಿದ ಮೊದಲ ಕಂಬವನ್ನು ನೋಡಿದಳು. ನಿಂತಳು. ಕೈಯಲ್ಲಿದ್ದ ಊರುಗೋಲನ್ನು ಆ ಕಂಬಕ್ಕೆ ಆನಿಸಿ, ಗಟ್ಟಿಯಾಗಿ ಕೂತಿತೇ ಎಂದು ಅಲ್ಲಾಡಿಸಿ ನೋಡಿದಳು.

"ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ ಕೇತಾ," ಎಂದಳು, ಮಗನಿಗೆ ಹೇಳುವಷ್ಟು ಮೆತ್ತಗೆ. "ಆದರೂ ಇರಲಿ."

ಒಳಗೆ ಬಂದು ಕೂತಳು. ಹೊರಗಿದ್ದವರಿಗೆ ಅಷ್ಟೇ ಸಾಕಾಯಿತು. ಅವ್ವಾರೇ ಊರೆ ಕೊಟ್ಟ ಮೇಲೆ ಕಾರಣ ಇಲ್ಲದೆ ಇರುತ್ತದೆಯೇ? ಬಾರುಕೋಲು, ಒನಕೆ, ಗಾಡಿಯ ಗೂಟ, ಕೈಗೆ ಸಿಕ್ಕಿದ್ದನ್ನೆಲ್ಲ ತಂದು ಕಂಬಕ್ಕೆ ಆನಿಸಿ ಧೈರ್ಯವಾಗಿ ಒಳಗೆ ನುಗ್ಗಿದರು. ಸಂಜೆಯ ಹೊತ್ತಿಗೆ ಮಂಟಪ ಸೌದೆಯ ಕೊಟ್ಟಿಗೆಯಂತಾಗಿತ್ತು. ಎಲ್ಲರೂ ಕೇತೋಜನ ಕೈ ಹಿಡಿದು ಹೊಗಳಿದರು. ಅವನು ಯಾರಿಗೂ ಹೇಳದೆ ಹೊರಟುಹೋದ.

ಮೂವತ್ತು ವರ್ಷ ಕಳೆದ ಮೇಲೆ ರಾಯದುರ್ಗದ ಸಂತೆಯಲ್ಲಿ ಒಬ್ಬ ಕಂಬಳಿಯವನು, ಬೆಣಚಿಕಲ್ಲು ಕಣಿವೆಯ ಊರುಗೋಲಮ್ಮನಿಗೆ ಹೊರಟಿದ್ದೇನೆ ಎಂದ. ಕೇತೋಜ, ಅಲ್ಲಿರುವುದು ಆಲದಮ್ಮ ಎಂದು ತಿದ್ದಿದ. "ನಾನು ಹುಟ್ಟಿದಾಗಿಂದ ಊರುಗೋಲಮ್ಮನೇ ಕಣಜ್ಜ. ನಿನಗೇನು ಗೊತ್ತು?" ಎಂದ ಅವನು. ಅದನ್ನು ಕೇಳಿದ ಮೇಲೆ ಮುದುಕನಿಗೆ ಇರಲಾಗಲಿಲ್ಲ. ಕಣಿವೆಗೆ ಬಂದ. ಮುದ್ದವ್ವ ತೀರಿಕೊಂಡು ಬಹಳ ಕಾಲವಾಗಿತ್ತು. ಬಾಗಿಲಲ್ಲಿ ಯಾರೋ ಅವನ ಕೈಗೊಂದು ಕೋಲು ಕೊಟ್ಟು, "ಆನಿಸಿ ಒಳಗೆ ಹೋಗಜ್ಜ. ಹಂಗೇ ಹೋದ್ರೆ ತಲೆ ಮೇಲೆ ಬೀಳ್ತದೆ. ಇದು ಮನುಷ್ಯರು ಕಟ್ಟಿದ್ದಲ್ಲ, ಭೂತಗಳು ಕಟ್ಟಿ ಅರ್ಧಕ್ಕೇ ಬಿಟ್ಟಿದ್ದು" ಎಂದರು.

ಅವನು ಕೋಲನ್ನು ಕೆಳಗೆ ಹಾಕಿ, ಹಾಡುಹಗಲಲ್ಲೇ, ಮಂಟಪದ ಊರೆಗಳನ್ನು ಒಂದೊಂದಾಗಿ ಕಿತ್ತು ಎಸೆಯತೊಡಗಿದ. ಜನ ಕೂಗಿಕೊಂಡು ಹೊರಗೆ ಓಡಿದರು. ಹತ್ತಿರ ಹೋಗಿ ತಡೆಯುವ ಧೈರ್ಯ ಯಾರಿಗೂ ಬರಲಿಲ್ಲ. ಕೊನೆಯ ಕೋಲೂ ಬಿತ್ತು. ಮಂಟಪ ಕದಲಲಿಲ್ಲ. ಕೇತೋಜ ಜನರ ಕಡೆ ತಿರುಗಿ, "ನೋಡಿ" ಎಂದ, ಅಷ್ಟೇ. ಒಂದು ಗಳಿಗೆ ಎಲ್ಲರೂ ನೋಡಿದರು. ಆಮೇಲೆ ಒಬ್ಬಳು ಅಡ್ಡಬಿದ್ದಳು. "ಊರುಗೋಲಮ್ಮಾ! ಹುಚ್ಚನ ಕೈಲಿ ಕೋಲು ಕೀಳಿಸಿದರೂ ಬೀಳದ ಹಾಗೆ ಹಿಡಿದೆಯಲ್ಲೇ ತಾಯೀ!" ಜನ ಅಳುತ್ತಾ, ಕೈಮುಗಿಯುತ್ತಾ, ಬಿದ್ದ ಕೋಲುಗಳನ್ನು ಆಯ್ದು ಮತ್ತೆ ಆನಿಸತೊಡಗಿದರು.

ಗಾದ್ರಯ್ಯ ಇನ್ನೂ ಇದ್ದ. ಹಲ್ಲು ಉದುರಿದ್ದರೂ ನಾಲಗೆ ಮೊದಲಿನಂತೆಯೇ ಇತ್ತು. ಹತ್ತಿರ ಬಂದು ಕೂತು, ಮೆಲ್ಲಗೆ, "ಕೇತೋಜ ಅಲ್ವಾ ನೀನು?" ಎಂದ. ಅವನು ಹೌದೆಂದು ತಲೆಯಾಡಿಸಿದ.

"ನಿಲ್ತದೆ ಅಂತ ನನಗೂ ಗೊತ್ತು ಕಣಯ್ಯ. ಒಂದು ಮಳೆಗಾಲ ಗೆದ್ದಲು ಅಷ್ಟೂ ಕೋಲನ್ನ ತಿಂದು ಮುಗಿಸಿತ್ತು. ನಿನ್ನ ಮಂಟಪ ಹಂಗೇ ಇತ್ತು."

"ಮತ್ತೆ ಜನಕ್ಕೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಯಾರು ಬರ್ತಾರೆ? ನಿನ್ನ ಕಂಬ ನೋಡಿ ಬಾಯಿ ಬಿಡ್ತಾರೆ, ನಿಜ. ಬರೋದು ಅದಕ್ಕಲ್ಲ. ತಾನಿಟ್ಟ ಕೋಲಿನ ಮೇಲೇ ಇಷ್ಟು ದೊಡ್ಡದು ನಿಂತಿದೆ ಅಂದ್ಕೊಂಡು ಮನೆಗೆ ಹೋಗೋದಕ್ಕೆ. ಅದನ್ನ ಕಿತ್ಕೊಂಡು ಅವರಿಗೆ ಏನು ಕೊಡ್ತೀಯ? ನೆರಳಾ?"

ಕೇತೋಜ ಎದ್ದು, ಬಾಗಿಲಲ್ಲಿ ಇಳಿಸಿದ್ದ ತನ್ನ ಗಂಟಿನ ಹತ್ತಿರ ಹೋದ. ಮತ್ತೆ ಹೊರಡಲೆಂದು ಕಂಬಳಿ ಬಿಡಿಸಿ ಹಾಸಿ ಉಳಿಗಳನ್ನು ಜೋಡಿಸತೊಡಗಿದ. ಅಷ್ಟರಲ್ಲಿ ಪಕ್ಕದ ಕಂಬದ ಬಳಿ ಬಸುರಿ ಹೆಂಗಸೊಬ್ಬಳ ಕೋಲು ಕಲ್ಲಿನ ನುಣುಪಿಗೆ ಮತ್ತೆ ಮತ್ತೆ ಜಾರುತ್ತಿತ್ತು. "ಅಜ್ಜಾ, ಒಂಚೂರು ನಿಲ್ಲಿಸಿಕೊಡು, ನನ್ನದು ನಿಲ್ತಾನೇ ಇಲ್ಲ" ಎಂದಳು. ಅವನು ಅವಳ ಮುಖ ನೋಡಿದ. ಕೋಲನ್ನು ಈಸಿಕೊಂಡು, ಬುಡವನ್ನು ಒಂದು ಗೇಣು ಹಿಂದಕ್ಕೆಳೆದು, ಭಾರ ಇಳಿಯುವ ದಾರಿಗೆ ಸರಿಯಾಗಿ ವಾಲಿಸಿ ನಿಲ್ಲಿಸಿ ಕೈ ಬಿಟ್ಟ. ಅದು ಜಾರಲಿಲ್ಲ. ನೋಡುತ್ತಿದ್ದವರು, ಹೀಗೆ ಇಡಬೇಕಂತೆ ಎಂದು ತಮ್ಮ ತಮ್ಮ ಕೋಲನ್ನೂ ಹಾಗೆಯೇ ತಿದ್ದಿದರು.

ಇಂದಿಗೂ ಅಲ್ಲಿಗೆ ಹೋದವರಿಗೆ ಅದು ಕಾಣುತ್ತದೆ. ನೂರಾರು ಕೋಲು, ಎಲ್ಲವೂ ಒಂದೇ ವಾಲು. ಇಷ್ಟೇ ವಾಲಿಸಬೇಕು ಎಂದು ಪೂಜಾರಿಗಳು ಕೈ ಹಿಡಿದು ತೋರಿಸುತ್ತಾರೆ, ಜನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅದನ್ನು ಕಲಿಸಿದವನು ಯಾರೆಂದು ಅಂದೂ ಯಾರೂ ಕೇಳಲಿಲ್ಲ. ಅವರು ಒಬ್ಬರಿಗೊಬ್ಬರು ಹೇಳಿಕೊಡುವುದರಲ್ಲಿದ್ದಾಗ ಕೇತೋಜ ಉಳಿಗಳ ಮೇಲೆ ಕಂಬಳಿಯ ಅಂಚು ಮಡಚಿ, ಹಗ್ಗವನ್ನು ಎರಡು ಸುತ್ತು ಬಿಗಿದು, ಗಂಟನ್ನು ಹೆಗಲ ಮೇಲೆ ಹೇರಿಕೊಳ್ಳುತ್ತಿದ್ದ.