ಹೊನ್ನವ್ವನ ಸದ್ದಿಲ್ಲದ ಹೊಂಡ

ಹೊನ್ನವ್ವ ಎಂಬ ಕಪ್ಪೆಯ ಕೈಯಲ್ಲಿ ಸ್ವಂತ ಹೊಂಡ ನಡೆಸಲು ಆಗುವುದಿಲ್ಲ ಎಂದು ಮೊದಲು ಹೇಳಿದವಳು ಅವಳ ಅತ್ತಿಗೆ. ಆಮೇಲೆ ಆಗ ಅವರೆಲ್ಲ ಇದ್ದ ದೊಡ್ಡ ಕೆರೆಯ ಕೊಕ್ಕರೆಯೂ ಹೇಳಿತು. ಆ ಕೆರೆಯಲ್ಲಿ ಯಾರು ಎಲ್ಲಿ ಕೂರಬೇಕು, ಯಾರ ದನಿ ಎಲ್ಲರಿಗೂ ಕೇಳಬೇಕು ಎಂದು ತೀರ್ಮಾನಿಸುತ್ತಿದ್ದದ್ದು ಈ ಕೊಕ್ಕರೆಯೇ. ಅದರ ಕಾಟ ತಾಳಲಾರದೆ ಕಪ್ಪೆಗಳು ಹೊರಬಿದ್ದು, ಹುಲ್ಲುಗಾವಲಿನ ತುಂಬ ಇದ್ದ ಚಿಕ್ಕ ಚಿಕ್ಕ ಹೊಂಡಗಳನ್ನು ಸೇರಿಕೊಂಡವು. ಹೊಂಡಕ್ಕೊಂದು ಕಟ್ಟಳೆ. ಎಲ್ಲಕ್ಕೂ ಸೇರಿ ಒಬ್ಬ ಯಜಮಾನ ಎಂಬುದಿಲ್ಲ.

ಹೊನ್ನವ್ವನ ಹೊಂಡ ಎತ್ತರದ ಜೊಂಡಿನ ನಡುವೆ ಇತ್ತು. ಕೊಳೆತ ಎಲೆಯನ್ನೆಲ್ಲ ಅವಳೊಬ್ಬಳೇ ಎಳೆದು ಹಾಕಿ ನೀರು ತಿಳಿ ಮಾಡಿದ್ದಳು. ಇಪ್ಪತ್ತು ಕಪ್ಪೆಗಳು ಬಂದು ಸೇರಿದವು. ಅವಳು ಕಟ್ಟಳೆ ಹೇಳಿದಳು:

"ನನ್ನ ಅಪ್ಪಣೆ ಇಲ್ಲದೆ ಯಾರೂ ವಟಗುಟ್ಟಬಾರದು. ಹೊರಗಿನಿಂದ ಯಾರು ಕರೆದರೂ ಓಗೊಡಬಾರದು. ಸದ್ದು ಕೇಳಿದರೆ ಹಾವು ಬರುತ್ತದೆ."

ತಿಪ್ಪಜ್ಜ ಎಂಬ ಮುದಿ ಕಪ್ಪೆ, ನಾವು ಇಲ್ಲಿದ್ದೇವೆ ಎಂದು ನೆರೆಯವರಿಗಾದರೂ ಗೊತ್ತಿರಲಿ ಎಂದ. ಈ ಹೊಂಡ ನಿನ್ನದೋ ನನ್ನದೋ ಎಂದು ಅವಳು ಕೇಳಿದಳು. ಅಲ್ಲಿಗೆ ಮಾತು ಮುಗಿಯಿತು. ಹಾವು ನಿಜಕ್ಕೂ ಬರಲಿಲ್ಲ ಅನ್ನಿ ಮಕ್ಕಳೇ, ಅದರಿಂದ ಅವಳ ಹೆಮ್ಮೆ ಇನ್ನಷ್ಟು ಬೆಳೆಯಿತು.

ಒಂದು ಬೆಳಗ್ಗೆ ದಡ ಬಿರುಕು ಬಿಟ್ಟು ನೀರು ಸೋರತೊಡಗಿತು. ಅಂಚಿನ ತೆಳುನೀರಿನಲ್ಲಿ ಹೊನ್ನವ್ವನ ಮೊಟ್ಟೆಗಳಿದ್ದವು. ನೀರು ಇಳಿದರೆ ಮೊದಲು ಒಣಗುವುದು ಅವೇ.

ಮಣ್ಣು ಮೆತ್ತಿ ಬಿರುಕು ಮುಚ್ಚಬಲ್ಲವನು ಮಾದಣ್ಣ ಎಂಬ ಏಡಿ. ಅವನಿದ್ದದ್ದು ನಾಲ್ಕು ಹೊಂಡ ಆಚೆ. ನಾವು ಹೋಗುತ್ತೇವೆ ಎಂದು ಕೆಲವರು ಮುಂದೆ ಬಂದರೂ, ನಿಮ್ಮಿಂದಾಗದು ಎಂದು ಹೊನ್ನವ್ವ ತಾನೇ ಹೊರಟಳು. ಮಾದಣ್ಣನ ಹೊಂಡದ ಗಲಾಟೆ ಅರ್ಧ ಹುಲ್ಲುಗಾವಲಿಗೆ ಕೇಳುತ್ತಿತ್ತು, ಹೋಗುವುದು ಸುಲಭವಾಯಿತು. ಕರೆದ ಕೂಡಲೇ ಅವನು ಬಂದ.

ತಿರುಗಿ ಬರುವಾಗ ಜೊಂಡೆಲ್ಲ ಒಂದೇ ತರ ಕಂಡಿತು. ಎಡಕ್ಕೆ ಹೋದರು, ಬಲಕ್ಕೆ ಹೋದರು, ಒಮ್ಮೆ ದಾಟಿದ ಜಾಗಕ್ಕೇ ಮತ್ತೆ ಬಂದು ನಿಂತರು.

"ಹೊನ್ನಕ್ಕ, ನಾನು ಅಡ್ಡಡ್ಡ ನಡೆಯುವವನು, ದಾರಿ ತಪ್ಪಿದರೆ ನ್ಯಾಯ. ನಿನ್ನ ಮನೆಗೆ ನಿನಗೇ ದಾರಿ ಗೊತ್ತಿಲ್ಲವೆ?" ಎಂದ ಮಾದಣ್ಣ.

ಪಕ್ಕದ ಹೊಂಡದ ಕಪ್ಪೆಯನ್ನು ಕೇಳಿದರೆ ಅದು ಕಣ್ಣು ಪಿಳಿಪಿಳಿ ಬಿಟ್ಟಿತು. "ಇಲ್ಲಿ ಇನ್ನೊಂದು ಹೊಂಡ ಇದೆಯಾ? ಒಂದು ದಿನವೂ ಸದ್ದು ಕೇಳಿಲ್ಲವಲ್ಲ ತಾಯಿ."

ಹೊನ್ನವ್ವ ತನ್ನವರನ್ನು ಕೂಗಿ ಕರೆದಳು. ಹತ್ತೇ ನೆಗೆತದ ದೂರದಲ್ಲಿ, ಜೊಂಡಿನ ಆಚೆ, ಅವರಿಗೆ ಕೇಳಿಸಿತು. ಅಕ್ಕನದೇ ದನಿ ಎಂದು ಒಂದು ಕಪ್ಪೆ ಪಿಸುಗುಟ್ಟಿತು. ಅಕ್ಕನದಾದರೂ ಹೊರಗಿನಿಂದ ಬರುತ್ತಿದೆಯಲ್ಲ ಎಂದಿತು ಇನ್ನೊಂದು.

"ಅಕ್ಕ ಒಳಗೆ ಬಂದು ಅಪ್ಪಣೆ ಕೊಡಲಿ. ಆಮೇಲೆ ಓಗೊಡೋಣ" ಎಂದಿತು ಮತ್ತೊಂದು.

ಎಲ್ಲರಿಗೂ ಸರಿ ಅನ್ನಿಸಿತು. ಹೇಗೆ ಸರಿ ಎಂದು ಯಾರಿಗೂ ತಿಳಿಯಲಿಲ್ಲ.

ಬಿಸಿಲು ಏರಿತು. ಅಂಚಿನ ಮೊಟ್ಟೆಗಳು ಕೆಸರಿಗೆ ಅಂಟಿಕೊಳ್ಳತೊಡಗಿದ್ದವು. ತಿಪ್ಪಜ್ಜ ಅವನ್ನೇ ನೋಡುತ್ತಿದ್ದ. "ಬೈದರೆ ಬೈಯಲಿ" ಎಂದವನೇ ಗಂಟಲು ಬಿಚ್ಚಿ ಕೂಗಿದ.

ಆ ದನಿ ಹಿಡಿದು ಹೊನ್ನವ್ವ ನೆಗೆದು ಬಂದಳು. ಮಾದಣ್ಣ ಬಿರುಕು ಮುಚ್ಚಿದ. ಅಷ್ಟು ಹೊತ್ತು ಯಾಕೆ ಸುಮ್ಮನಿದ್ದಿರಿ ಎಂದು ಅವಳು ಕೇಳಿದಳು. ಉತ್ತರ ಹೇಳಲೂ ಅವರು ಅಪ್ಪಣೆಗೆ ಕಾಯುತ್ತಿದ್ದರು.

ಈಗ ಹೊನ್ನವ್ವನಿಗೆ ಗಟ್ಟಿ ದಡದ ಹೊಂಡವಿದೆ. ಎಲ್ಲರೂ ಕೂತು ಮಾಡಿದ ಕಟ್ಟಳೆಯಿದೆ: ಸರದಿಯಂತೆ ದಿನಕ್ಕೊಬ್ಬರು ಕೂಗಬೇಕು, ಇನ್ನೊಬ್ಬರು ಹಾವು ಬರದಂತೆ ಕಾವಲಿರಬೇಕು. ನಲವತ್ತು ಮರಿಗಳಿವೆ. ಅವಳು ಇಟ್ಟ ಮೊಟ್ಟೆ ಮುನ್ನೂರು.

ನೀತಿ: ಕಟ್ಟಳೆಯ ಬೀಗದ ಕೈ ಒಬ್ಬರ ಬಳಿಯೇ ಇದ್ದರೆ, ನೆರವಿಗೆ ಬಂದವರಿಗೆ ಬಾಗಿಲು ಕಾಣುವುದಿಲ್ಲ, ಕೆಲವೊಮ್ಮೆ ಆ ಒಬ್ಬರಿಗೂ ಕಾಣುವುದಿಲ್ಲ.